ಹೊಟ್ಟೆಯಲ್ಲಿ ಆರು ಗಂಟೆ

ಹೊಟ್ಟೆಯಿಂದ ಇಳಿದ ನೀರಿನ ಚೀಲವನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಅಕ್ಷರ ಓದುವುದು ನನಗೆ ರೂಢಿಯಾಗಿತ್ತು. ನಮ್ಮನೆಯವರ ಮೂತ್ರಪಿಂಡಗಳೆರಡೂ ಕೆಟ್ಟಿದ್ದವು. ಹೊಟ್ಟೆಗೆ ಕೂರಿಸಿದ ನಳಿಕೆಯಿಂದ ದಿನಕ್ಕೆ ನಾಲ್ಕು ಬಾರಿ ನೀರು ತುಂಬಿ, ಮತ್ತೆ ಹೊರಗಿಳಿಸಬೇಕಿತ್ತು. ಡಯಾಲಿಸಿಸ್ ಎಂದರೆ ನಮಗೆ ಅದೇ. ಇಳಿದ ನೀರಿನಾಚೆ ಅಕ್ಷರ ಕಂಡರೆ ಎಲ್ಲ ಕ್ಷೇಮ. ಒಂದು ಬೆಳಿಗ್ಗೆ ಕಾಣಲಿಲ್ಲ. ಅಕ್ಕಿ ತೊಳೆದ ನೀರಿನಂತೆ ಕದಡಿತ್ತು.

ಆಸ್ಪತ್ರೆಯಲ್ಲಿ ಸಿಸ್ಟರ್ ಫಿಲೋಮಿನಾ ಹೊಟ್ಟೆಯೊಳಗೆ ಸೋಂಕಾಗಿದೆ ಎಂದು ಹೇಳಿ, ಇವರ ತೂಕ ನೋಡಿ, ಆಂಟಿಬಯಾಟಿಕ್ ಅಳೆದು, ಹೊಸ ಚೀಲಕ್ಕೆ ಸೇರಿಸಿ ಹೊಟ್ಟೆಗಿಳಿಸಿದರು. “ದಿನಾ ಬೆಳಿಗ್ಗೆ ಬನ್ನಿ, ಹಾಕಿಕೊಡ್ತೀನಿ. ಈ ನೀರು ಆರು ಗಂಟೆ ಒಳಗೇ ಇರ್ಬೇಕಮ್ಮ. ಐದು ದಿನದಲ್ಲಿ ತಿಳಿಯಾಗ್ಲಿಲ್ಲ ಅಂದ್ರೆ ಪೈಪು ತೆಗೀಬೇಕಾಗ್ತದೆ.” ತೆಗೆದರೆ ಮುಂದೇನು ಎಂದು ನಾನು ಕೇಳಲಿಲ್ಲ. ರಕ್ತ ತೊಳೆಯುವ ಯಂತ್ರವನ್ನು ಇವರ ಹೃದಯ ತಾಳದೆಂದು ಡಾಕ್ಟರು ಮೊದಲೇ ಹೇಳಿದ್ದರು.

ನಾವು ಬಟ್ಟೆ ಒಗೆದು ಬದುಕಿದವರು. ಕೊನೆಯ ನೀರು ತಿಳಿಯಾಗುವವರೆಗೆ ಜಾಲಿಸದಿದ್ದರೆ ನನಗೆ ಸಮಾಧಾನವಿಲ್ಲ. ಮನೆಗೆ ಬಂದು ಎರಡು ಗಂಟೆಯಾಗುವಷ್ಟರಲ್ಲಿ ಇವರು ಹೊಟ್ಟೆ ಹಿಡಿದು ನರಳತೊಡಗಿದರು. ನಾನು ಆ ನೀರನ್ನು ಇಳಿಸಿಬಿಟ್ಟೆ. ಹೊಸ ನೀರು ತುಂಬಿ ತೆಗೆದೆ, ಮತ್ತೆ ತುಂಬಿ ತೆಗೆದೆ. ಮೂರನೆಯ ಚೀಲದಡಿ ಅಕ್ಷರ ಕಂಡಿತು, ಇವರ ಮುಖವೂ ಸಡಿಲವಾಯಿತು. ನನ್ನಷ್ಟು ಜಾಣೆ ಯಾರಿದ್ದಾರೆ ಎಂದುಕೊಂಡೆ! ಮೂರು ದಿನವೂ ಹೀಗೇ ಮಾಡಿದೆ. ಪ್ರತಿ ಬೆಳಿಗ್ಗೆ ನೀರು ಮತ್ತೆ ಕದಡಿರುತ್ತಿತ್ತು, ಜ್ವರ ಏರುತ್ತಲೇ ಇತ್ತು.

ನಾಲ್ಕನೆಯ ದಿನ ಸಿಸ್ಟರ್ ನನ್ನನ್ನೇ ದಿಟ್ಟಿಸಿದರು. “ಔಷಧಿ ಸರಿಯಾಗಿದೆ, ಅಳತೇನೂ ಸರಿಯಾಗಿದೆ. ಆರು ಗಂಟೆ ಬಿಡ್ತಾ ಇದೀರಾ?”

ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು, “ಬಿಡ್ತಾಳೆ ಸಿಸ್ಟರ್. ಗಡಿಯಾರ ನೋಡ್ಕೊಂಡೇ ಕೂತಿರ್ತಾಳೆ,” ಎಂದರು. ನಾನು ಬೈಸಿಕೊಳ್ಳಬಾರದೆಂದು ಆ ಸುಳ್ಳು.

“ಹಾಗಾದ್ರೆ ಔಷಧಿ ಕೆಲಸ ಮಾಡ್ತಿಲ್ಲ. ನಾಳೆ ಪೈಪು ತೆಗೆಯೋಕೆ ಡಾಕ್ಟರಿಗೆ ಹೇಳ್ತೀನಿ.”

ನಾನು ಸಿಸ್ಟರ್ ಕೈ ಹಿಡಿದುಕೊಂಡೆ. “ಇಲ್ಲ ಸಿಸ್ಟರ್. ಎರಡೇ ಗಂಟೆಗೆ ತೆಗೆದು ತೊಳೆದುಬಿಡ್ತಿದ್ದೆ. ನೋವು ಅಂತಿದ್ರು.”

ಅವರು ರೇಗಲಿಲ್ಲ. “ಔಷಧೀನೂ ತೊಳೆದು ಚೆಲ್ಲಿಬಿಟ್ರಲ್ಲಮ್ಮ,” ಎಂದಷ್ಟೇ ಹೇಳಿ ಡಾಕ್ಟರ ಬಳಿ ಹೋಗಿಬಂದರು. ಎರಡು ದಿನ ಹೆಚ್ಚು ಸಿಕ್ಕಿತು. ಮತ್ತೆ ಔಷಧಿ ಹಾಕಿ ಕಳಿಸಿದರು.

ಮನೆಯಲ್ಲಿ ಎಂದಿನಂತೆ ನೋವು ಶುರುವಾಯಿತು. “ಲೇ ಇವಳೇ, ಸ್ವಲ್ಪ ಇಳಿಸೇ. ತಡ್ಕೊಳ್ಳೋಕಾಗ್ತಿಲ್ಲ.”

“ಆಗಲ್ಲ ರೀ.”

“ಕರುಳೇ ಇಲ್ವೇನೇ ನಿನಗೆ?”

ನಳಿಕೆಯ ಕ್ಲಿಪ್ಪಿನತ್ತ ಹೋದ ಕೈಯನ್ನು ತೊಡೆಯಡಿ ಒತ್ತಿಕೊಂಡು ಕುಳಿತೆ. ಇವರು ಗೋಡೆಯತ್ತ ಹೊರಳಿ ಮಾತು ಬಿಟ್ಟರು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಅಷ್ಟು ನಿರ್ದಯಿಯಾಗಿದ್ದು ಅದೇ ಮೊದಲು.

ಎರಡು ದಿನದಲ್ಲಿ ನೀರು ತಿಳಿಯಾಯಿತು, ನಳಿಕೆ ಉಳಿಯಿತು. ಆದರೆ ನನಗೆ ನೆನಪಾಗುವುದು ಅಂದು ಆರು ಗಂಟೆ ತುಂಬಿದ ಗಳಿಗೆ. ಕ್ಲಿಪ್ಪು ಬಿಚ್ಚಿದೆ, ನೀರು ಇಳಿಯತೊಡಗಿತು. ಇವರು ತಿರುಗಿ ನೋಡಲಿಲ್ಲ. ಗೋಡೆಗೆ ಇನ್ನಷ್ಟು ಒತ್ತಿಕೊಂಡು, ಮಂಚದ ಮೇಲೆ ನನಗೆ ಜಾಗ ಬಿಟ್ಟರು.