ರಸ್ತೆ ದಂಡೆಯ ಹುಲ್ಲು

ನಮಗೆ ಒಂದು ಗುಂಟೆ ಹೊಲವೂ ಇಲ್ಲ. ಸಾಂಬ್ರಾಣಿ ಊರಿಗೆ ಹೋಗುವ ರಸ್ತೆಯ ಎರಡು ದಂಡೆಯೇ ನಮ್ಮ ಸಿದ್ದಿ ಕೇರಿಯ ದನಗಳಿಗೆ ಹುಲ್ಲುಗಾವಲು. ಹೋದ ವರ್ಷ ಪಂಚಾಯ್ತಿಯ ಗುತ್ತಿಗೆದಾರ ಸುಭಾಸ ಆ ಹುಲ್ಲನ್ನು ಕೊಯ್ಯಿಸುವ ಬದಲು ಕಳೆನಾಶಕದ ಎಣ್ಣೆ ಹೊಡೆಸಿದ. ಪಕ್ಕದ ಮನೆಯ ಶಬನಮ್‌ಳ ಆಡುಗಳು ಅದನ್ನೇ ಮೇಯ್ದು, ಬಾಯಲ್ಲಿ ನೊರೆ ಬಂದು ಸತ್ತವು. ಕೇಳಲು ಹೋದವಳಿಗೆ, ಆಡು ಕಟ್ಟಿಹಾಕಬೇಕಿತ್ತು ಎಂದನಂತೆ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಈ ಸಲ ಮಳೆ ಬಿಟ್ಟಾಗ, ತಿರುವಿನಲ್ಲಿ ಎದುರಿನ ಬಸ್ಸು ಕಾಣದಷ್ಟು ಹುಲ್ಲು ಬೆಳೆದಿತ್ತು. ತೆಗೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಎಮ್ಮೆ ಈಗಷ್ಟೇ ಕರು ಹಾಕಿದೆ, ಮನೆ ನಡೆಯುವುದು ಅದರ ಹಾಲಿನ ಮೇಲೆ. ಸೋಮವಾರ ಎಣ್ಣೆ ಹೊಡೆಯುತ್ತೇವೆ, ದನ ಬಿಡಬೇಡಿ ಎಂದು ಸುಭಾಸನ ಆಳು ಹೇಳಿಹೋದ. ಕಟ್ಟಿಹಾಕಿ ಏನು ತಿನ್ನಿಸಲಿ, ನನ್ನ ಸೀರೆಯನ್ನೇ?

"ಮಾಗ್ದಲೀನಾ, ಪಂಚಾಯ್ತಿ ಮಂದಿ ಕೂಡ ಜಗಳ ಬ್ಯಾಡ," ಎಂದ ಗಂಡ ಇನಾಸ.

"ಜಗಳ ಯಾರು ಮಾಡ್ತಾರ? ಹುಲ್ಲು ಕೊಯ್ತೇನಿ."

ರವಿವಾರ ಚರ್ಚಿನಿಂದ ಬಂದವಳೇ ಕುಡುಗೋಲು ಹಿಡಿದೆ. ಶಬನಮ್ ಬಂದಳು, ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಬಂದರು. ನಮ್ಮಲ್ಲಿ ಚರ್ಚಿನವರು, ಮಸೀದಿಯವರು, ಗುಡಿಯವರು ಎಲ್ಲ ಇದ್ದೇವೆ. ಹುಲ್ಲಿನ ವಿಷಯ ಬಂದರೆ ಒಂದೇ ಮನೆ. ಕತ್ತಲಾಗುವವರೆಗೆ ಕೊಯ್ದೆವು, ಉಳಿದದ್ದನ್ನು ಮರುದಿನ ಬೆಳಗ್ಗೆ ಮುಗಿಸಿದೆವು. ಸುಭಾಸ ಗಾಡಿಯಲ್ಲಿ ಎಣ್ಣೆಯ ಡಬ್ಬಿ ಹೇರಿಕೊಂಡು ಬಂದಾಗ ಕೊನೆಯ ಹೊರೆಗಳು ನಮ್ಮ ತಲೆಯ ಮೇಲಿದ್ದವು.

ಅವನು ಮುಖ ಗಂಟಿಕ್ಕಿ ಎರಡೂ ದಂಡೆ ನೋಡಿದ. ಆಮೇಲೆ ನಕ್ಕು ಮೊಬೈಲು ತೆಗೆದ.

"ಚಲೋ ಆತು, ನನ್ನ ಎಣ್ಣಿ ಉಳೀತು. ಅತ್ತಾಗ ಸರೀರಿ. ಕೆಲಸ ಮುಗದೈತಿ ಅಂತ ಪಂಚಾಯ್ತಿಗೆ ಫೋಟೋ ಕಳಸಬೇಕು."

ಬೆವರು ನಮ್ಮದು, ಬಿಲ್ಲು ಇವನದು! ನಾನು ಸರಿಯಲಿಲ್ಲ. ಶಬನಮ್ ನನ್ನ ಪಕ್ಕ ಬಂದು ನಿಂತಳು. ಅವನು ಆಚೆ ದಂಡೆಗೆ ಹೋದ, ನಾವೂ ದಾಟಿದೆವು. ತಿರುವಿಗೆ ಹೋದ, ಅಲ್ಲಿ ಉಳಿದ ಹೆಂಗಸರು ಹೊರೆ ಹೊತ್ತು ಸಾಲಾಗಿ ನಿಂತಿದ್ದರು.

"ಏನ್ ಬೇಕು ನಿಮಗ?" ಎಂದು ಕೂಗಿದ.

"ಏನೂ ಬ್ಯಾಡ. ತೆಗೀರಿ ಫೋಟೋ. ಯಾರು ಕೊಯ್ದಾರ ಅಂತ ಅವರಿಗೂ ಕಾಣ್ಲಿ," ಎಂದೆ.

"ಮುಂದಿನ ವರ್ಷ ನೋಡ್ಕೋತೇನಿ ನಿಮ್ಮನ್ನ."

"ಬರ್ರಿ. ನಾವೆಲ್ಲಿ ಹೋಗ್ತೇವಿ?" ಎಂದಳು ಶಬನಮ್.

ಒಂದೂ ಫೋಟೋ ತೆಗೆಯದೆ, ತುಂಬಿದ ಡಬ್ಬಿಗಳನ್ನು ಹೊತ್ತು ಅವನ ಗಾಡಿ ತಿರುಗಿ ಹೋಯಿತು. ಆಗ ಇನಾಸನನ್ನು ಕರೆಸಿ ನಾವೇ ಫೋಟೋ ತೆಗೆಸಿಕೊಂಡೆವು. ಅವನು ಸುಭಾಸನ ಗಾಡಿ ಹೋದ ದಿಕ್ಕನ್ನೊಮ್ಮೆ ನೋಡಿ, ಆಮೇಲೆ ತೆಗೆದ. ಅದನ್ನು ಪಂಚಾಯ್ತಿಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ನಾನೇ ಮಾತಾಡಿ ಕಳಿಸಿದೆ:

"ರಸ್ತಾ ನಾವು ಸ್ವಚ್ಛ ಮಾಡೇವಿ. ಮುಂದಿನ ವರ್ಷನೂ ನಾವ ಮಾಡ್ತೇವಿ. ಎಣ್ಣಿ ಹೊಡಿಯೂದಿದ್ರ ಮೊದಲ ನಮ್ಮ ಮ್ಯಾಲೆ ಹೊಡೀರಿ."