ಐದನೆಯ ಗುರುತು

"ನಾಲ್ಕು ಅಂದ್ರೆ ಎಷ್ಟೋ, ರೆಜೋ? ಬೆರಳೆತ್ತಿ ತೋರ್ಸು, ಬೋಳಿಮಗನೆ."

ಚರಂಡಿಯ ದಂಡೆಯ ಮೇಲೆ ನಿಂತು ಊರಿನ ಅಧ್ಯಕ್ಷ ವಿಲ್ಮೋಶ್ ಕೇಳಿದ. ಮೊಣಕಾಲವರೆಗೆ ಕೆಸರಿನಲ್ಲಿದ್ದ ನಾನು ಸಲಿಕೆ ಬಿಟ್ಟು ನಾಲ್ಕು ಬೆರಳೆತ್ತಿದೆ. ಕೂಲಿ ಪಟ್ಟಿಯಲ್ಲಿ ಯಾರ ಹೆಸರಿರಬೇಕೆಂಬುದು ಅವನ ಕೈಯಲ್ಲಿದೆ, ಎತ್ತದೆ ಇರಲಾದೀತೆ?

"ಗೊತ್ತೈತೆ ಮತ್ತೆ. ಹಂಗಾದ್ರೆ ನಿಮ್ಮ ಜಿಪ್ಸಿ ಕೇರಿಯ ಅರವತ್ತೊಂದು ಓಟಿನ ಚೀಟೀಲೂ ಐದೈದು ಗುರುತು ಯಾಕೆ ಬಿದ್ವು?"

ಯಾಕೆಂದರೆ ನಾನೇ ಹೇಳಿಕೊಟ್ಟಿದ್ದೆ. ಕೇರಿಯಲ್ಲಿ ಎಂಟನೇ ಕ್ಲಾಸು ಮುಗಿಸಿದವನು ನಾನೊಬ್ಬನೇ. ಆ ಕೊಬ್ಬು ಬೇರೆ. ಊರ ಸಭೆಗೆ ನಾಲ್ಕು ಸ್ಥಾನ, ನಿಂತವರು ಆರು ಮಂದಿ: ವಿಲ್ಮೋಶನ ಕಡೆಯವರು ನಾಲ್ವರು, ಹೆಂಡದಂಗಡಿಯ ಲಾಯೋಶ್, ಮತ್ತೆ ನಾನು. ಗೆದ್ದು, ನಮ್ಮ ಕೇರಿಯ ನಲ್ಲಿಗೆ ವಿಲ್ಮೋಶ್ ಜಡಿಸಿದ್ದ ಬೀಗ ತೆಗೆಸುವುದು ನನ್ನ ಹಂಚಿಕೆ. "ಅವನ ನಾಲ್ವರಿಗೂ ಹಾಕ್ರಿ, ಕೂಲಿ ಉಳೀತೈತೆ. ಕೊನೇಲಿ ನಂಗೊಂದು ಹಾಕ್ರಿ, ನೀರು ಬರ್ತೈತೆ" ಎಂದು ಮನೆಮನೆಗೂ ಹೋಗಿ ಉಪದೇಶ ಮಾಡಿದೆ. ನಾಲ್ಕಕ್ಕಿಂತ ಹೆಚ್ಚು ಗುರುತು ಬಿದ್ದರೆ ಚೀಟಿ ಕಸವೆಂದು ಅದರ ತಲೆಯ ಮೇಲೇ ಅಚ್ಚಾಗಿತ್ತಂತೆ. ನಾನು ನನ್ನ ಹೆಸರಿನ ಅಕ್ಷರ ನೋಡುತ್ತಾ ಮೈಮರೆತಿದ್ದೆ. ಇಡೀ ಹಂಗೇರಿಯಲ್ಲಿ ತನಗೆ ತಾನೇ ಮತ ಹಾಕಿಕೊಂಡೂ ಸೊನ್ನೆ ಪಡೆದವನು ನಾನೊಬ್ಬನೇ ಇರಬೇಕು.

ಅದರಿಂದ ವಿಲ್ಮೋಶನಿಗೇನು ಸಂಕಟ ಅಂದರೆ, ಅವನ ನಾಲ್ವರಿಗೂ ನಮ್ಮ ಅರವತ್ತೊಂದು ಮತ ಖೋತಾ. ಅವರಲ್ಲೊಬ್ಬನಾದ ಅವನ ಬಾಮೈದ ಎರಡೇ ಮತಗಳಿಂದ ಲಾಯೋಶನಿಗೆ ಸೋತಿದ್ದ.

ಅವನು ಒಂದು ಕಾಗದ ಚಾಚಿದ. "ಸಹಿ ಹಾಕು. 'ನಮಗೆ ಎಣಿಸಾಕೆ ಬರಲ್ಲ, ಮತಗಟ್ಟೇಲಿ ಯಾರೂ ತಿಳಿಸಿ ಹೇಳ್ಲಿಲ್ಲ, ಚುನಾವಣೆ ಇನ್ನೊಂದ್ಸಲ ನಡೀಲಿ' ಅಂತ ಬರ್ಸಿದ್ದೀನಿ. ಹಾಕು, ಇವತ್ತೇ ನಲ್ಲಿ ಬೀಗ ತೆಗೆಸ್ತೀನಿ."

ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನ್ನ ಮೈ ಉರಿಸಿತು.

"ಬೇಕಂತಲೇ ಹೇಳಿಕೊಟ್ಟೆ" ಅಂದೆ. "ನಿಮ್ಮ ಬಾಮೈದನ್ನ ಬೀಳ್ಸಾಕೆ."

ಹಸಿ ಸುಳ್ಳು. ಅಷ್ಟು ಬುದ್ಧಿಯಿದ್ದಿದ್ದರೆ ನಾನು ಚರಂಡಿಯಲ್ಲಿ ಯಾಕಿರುತ್ತಿದ್ದೆ?

"ನಾಳೆಯಿಂದ ಪಟ್ಟೀಲಿ ನಿನ್ನ ಹೆಸ್ರಿಲ್ಲ" ಅಂದವನು, ನನ್ನ ಪಕ್ಕ ಕೆಸರು ಎತ್ತುತ್ತಿದ್ದ ಮುದುಕಿ ಒತಿಲಿಯಾಳತ್ತ ಕಾಗದ ತಿರುಗಿಸಿದ. "ನೀನಾದ್ರೂ ಹಾಕು ಮುದುಕಿ. ಇವನ ಕುತಂತ್ರ ನಿಂಗೇನು ಗೊತ್ತಿತ್ತು?"

ಒತಿಲಿಯಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ನೀಟಾಗಿ ಮಡಿಸಿದಳು. ಚರಂಡಿಗೆ ಹಾಕಿ ಸಲಿಕೆಯಿಂದ ಅದುಮಿದಳು.

"ಎಲ್ಲಾ ಗೊತ್ತಿತ್ತು ಕಣಪ್ಪ" ಅಂದಳು. "ಆರನೇದೂ ಹಾಕ್ತಿದ್ದೆ. ಪೆನ್ನು ಕೈಕೊಡ್ತು."