ಹೆಸರು ಭಾರವಾದ ಹೆಬ್ಬಾವು

ನಮ್ಮ ಮನೆಯ ಹೆಬ್ಬಾವು ಸತ್ತ ಇಲಿಯನ್ನು ಮುಟ್ಟುತ್ತಿರಲಿಲ್ಲ. ಜೀವಂತ ಇಲಿ ತಂದರೆ ನನ್ನ ಹೆಂಡತಿ ಮನೆಯಲ್ಲಿ ಇರಲು ಒಪ್ಪುತ್ತಿರಲಿಲ್ಲ. ಇಬ್ಬರ ನಡುವೆ ಸಿಕ್ಕಿಬಿದ್ದವನು ನಾನು, ಪೊನಿಜಾನ್.

ತಪ್ಪು ಹೆಂಡತಿಯದಲ್ಲ, ಒಪ್ಪುತ್ತೇನೆ. ನನ್ನಾಕೆ ಪಾರ್ತಿಯೆಮ್ ನಮ್ಮ ಮನೆ ಮುಂದೆಯೇ ಪೆಚೆಲ್ ಮಾರುತ್ತಾಳೆ. ಬಿಸಿ ಅನ್ನ, ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಗೊಜ್ಜು. ಬೆಳಗಾದರೆ ಮದಿಯೂನಿನ ಅರ್ಧ ಊರು ಅವಳ ಬೆಂಚಿನ ಮೇಲೆ ಕೂತಿರುತ್ತದೆ. ಕೆಲವು ತಿಂಗಳ ಹಿಂದೆ ನನ್ನ ಕೈತಪ್ಪಿದ ಬಿಳಿ ಇಲಿ ಸೀದಾ ಹಪ್ಪಳದ ಡಬ್ಬಿಗೆ ಹಾರಿತು. ಆಮೇಲೆ ಆ ಡಬ್ಬಿಗೆ ಮೊದಲು ಕೈ ಹಾಕಿದವರು ಶಾಲೆಯ ಹೆಡ್ಮಾಸ್ತರು. ಅವರು ಈಗ ಬೇರೆ ಬೀದಿಯಲ್ಲಿ ತಿನ್ನುತ್ತಾರೆ.

"ಪಾಕ್ನೆ," ಎಂದಳು ಅಂದು. ಮಕ್ಕಳ ಅಪ್ಪ ಎನ್ನುವ ಆ ಮಾತನ್ನು ಅವಳು ಅಷ್ಟು ಮೆತ್ತಗೆ ಹೇಳಿದರೆ ನನಗೆ ಬೆವರು ಕಿತ್ತುಕೊಂಡು ಬರುತ್ತದೆ. "ಜೀವ ಇರೋ ಇಲಿ ಇನ್ನೊಂದ್ಸಲ ಈ ಹೊಸ್ತಿಲು ದಾಟ್ತೋ, ನಾನು ತವರಿಗೆ ಹೊರಟೆ. ಬರೋ ತಿಂಗಳ ಮೊದಲ್ನೇ ಶುಕ್ರವಾರದೊಳಗೆ ನಿಮ್ಮ ಮಹಾರಾಜ ಸತ್ತಿದ್ದನ್ನ ತಿನ್ನೋದು ಕಲೀಲಿ. ಇಲ್ಲಾಂದ್ರೆ ಸುರಬಾಯದ ಹಾವು ಸಾಕೋರಿಗೆ ಕೊಟ್ಬಿಡಿ."

ಕೊಡುವುದೇ? ಮೂವತ್ತು ವರ್ಷ ರೈಲ್ವೆ ಗೇಟ್ ಕಾದು, ಹಾರನ್ನು, ಬೈಗುಳ, ಸೀಟಿ ಕೇಳಿ ಕೇಳಿ ತೂತಾದ ಕಿವಿ ನನ್ನದು. ಮಾತೇ ಆಡದ ಒಂದು ಜೀವ ಕೈಗೆ ಸುತ್ತಿಕೊಂಡು ಕೂತರೆ ಎಂಥ ಸುಖ ಎಂದು ಯಾರಿಗೆ ಹೇಳಲಿ? ಆ ಪ್ರೀತಿಗೇ ಅದಕ್ಕೆ ಪ್ರಬು ಜಗದ್ನಿಂಗ್ರಾತ್ ಎಂದು ಅರಸರ ಹೆಸರಿಟ್ಟಿದ್ದೆ.

ಪ್ರಯತ್ನದಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಐಸಿನಲ್ಲಿಟ್ಟ ಇಲಿ ತಂದು, ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಒರೆಸಿ, ಇಕ್ಕಳದಲ್ಲಿ ಹಿಡಿದು ಪ್ರಬುವಿನ ಮೂಗಿನ ಮುಂದೆ ನಿಲ್ಲುತ್ತಿದ್ದೆ. ಅಲ್ಲಾಡದೆ ನಿಲ್ಲುವುದು ಗೇಟ್ ಕಾದವನಿಗೆ ಹೇಳಿಕೊಡಬೇಕೆ? ಒಮ್ಮೆ ಒಂದು ಗಂಟೆ ನಿಂತೆ. ಪ್ರಬು ನನ್ನನ್ನು ನೋಡಿತು, ಇಲಿಯನ್ನು ನೋಡಿತು, ಗೋಡೆಯ ಕಡೆ ತಿರುಗಿ ಮಲಗಿತು.

ಗಡುವಿನ ಶುಕ್ರವಾರ ಬಂದೇಬಿಟ್ಟಿತು. ದಿಕ್ಕು ತೋಚದೆ, ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸಿದ, ಅನ್ನ ಬಿಟ್ಟ ಮಕ್ಕಳಿಗೂ ಮದ್ದು ಹೇಳುವ ಸೂಲಗಿತ್ತಿ ಗಿನೆಮ್ ಅಜ್ಜಿಯನ್ನು ಬೆಳಿಗ್ಗೆಯೇ ಕರೆತಂದೆ. ಅಜ್ಜಿ ಗಾಜಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

"ಏನೋ ಇದರ ಹೆಸರು?"

ಹೇಳಿದೆ.

"ಅಯ್ಯೋ ಮಂಕೇ! ಇಷ್ಟು ಸಣ್ಣ ಮೈಗೆ ಅಷ್ಟು ದೊಡ್ಡ ಹೆಸರು ಹೊರಿಸಿದ್ರೆ ಅನ್ನ ಇಳಿಯುತ್ತಾ ಗಂಟಲಲ್ಲಿ? ಹೆಸರು ಭಾರ ಆಗಿದೆ. ನಿಂಗೂ ಹಿಂಗೇ ಆಗಿತ್ತಲ್ಲೋ. ಎತ್ತಿನಗಾಡಿ ಹೊಡೆಯೋ ನಿಮ್ಮಪ್ಪ ನಿನ್ನನ್ನ ಸೂರ್ಯಕುಸುಮ ಅಂತ ಕರೆದು, ನೀನು ಬಾಯೇ ಬಿಡದೆ ಕಡ್ಡಿ ಆಗಿದ್ದೆ. ಪೊನಿಜಾನ್ ಅಂತ ಹಗುರ ಹೆಸರಿಗೆ ಬದಲಾಯಿಸಿದ್ದೇ ತಡ, ಪಾತ್ರೆ ನೆಕ್ಕೋಕೆ ಶುರು ಮಾಡ್ದೆ."

ಪಾರ್ತಿಯೆಮ್ ಕಣ್ಣು ಹೊಳೆಯಿತು. "ಹಂಗಾದ್ರೆ ಅದೇ ಹೆಸರು ಇಡೋಣ ಅಜ್ಜಿ. ಗುಣ ಕಂಡಿರೋ ಔಷಧಿ."

"ಬುನೆ, ಅದು ನನ್ನ ಹೆಸರು ಕಣೇ!" ಎಂದೆ ನನ್ನ ಮಕ್ಕಳ ತಾಯಿಗೆ.

"ಇಬ್ರೂ ದಿನವಿಡೀ ಸುರುಳಿ ಸುತ್ಕೊಂಡು ಮಲಗಿರ್ತೀರ. ಒಂದೇ ಹೆಸರು ಸಾಕು."

ಸಂಜೆಗೆ ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ ಸಿದ್ಧವಾದವು. ಮಗುವಿನ ಹೆಸರು ಬದಲಿಸುವಾಗ ಮಾಡುವ ಹಾಗೆಯೇ. ಓಣಿಯವರು ನಗು ತಡೆದುಕೊಂಡು ಚಾಪೆಯ ಮೇಲೆ ಕೂತರು. ಮನೆಯ ತಾಯಿ, ಅಂದರೆ ಪಾರ್ತಿಯೆಮ್, ಹೊಸ ಹೆಸರು ಹಿಡಿದು ಮೂರು ಸಲ ಕರೆಯಬೇಕು. ನಾನು ಬೆಚ್ಚಗಿನ ಇಲಿ ಹಿಡಿದು ಕಂಬದಂತೆ ನಿಂತೆ.

"ಪೊನಿಜಾನ್! ಪೊನಿಜಾನ್! ಪೊನಿಜಾನ್!"

ಹಾವು ಗೋಡೆಯ ಕಡೆ ತಿರುಗಿತು. ಮುಗಿಯಿತು. ನಾಳೆ ಸುರಬಾಯದ ಬಸ್ಸು.

"ಪಾಕ್ ಪೊನಿಜಾನ್, ಕರೆದಿದ್ದು ನಿಮ್ಮನ್ನೇ ಇರ್ಬೇಕು. ನೀವೇ ತಿಂದ್ಬಿಡಿ!" ಎಂದ ಹಿಂದಿನಿಂದ ಯಾರೋ. ತಡೆದಿದ್ದ ನಗುವೆಲ್ಲ ಸಿಡಿಯಿತು.

ಆ ನಗು ಪಾರ್ತಿಯೆಮ್‌ಗೆ ತಾಕಿತು. ಮೂರು ಹಟಮಾರಿ ಮಕ್ಕಳಿಗೆ ಉಣಿಸಿದ ಕೈ ಅದು. ಇಕ್ಕಳ ಕಿತ್ತುಕೊಂಡು ಹಾವಿನ ಮುಂದೆ ಕುಕ್ಕರಿಸಿದಳು.

"ತಿನ್ನಲ್ವಾ? ತಿನ್ನದಿದ್ರೆ ನಿನ್ನ ಕೋಳಿ ಸತ್ತೋಗುತ್ತೆ ನೋಡು!" ನಮ್ಮ ಕಡೆ ಅನ್ನ ಬಿಡುವ ಮಕ್ಕಳಿಗೆಲ್ಲ ಇದೇ ಬೆದರಿಕೆ. ಇಲಿಯನ್ನು ಮುಂದೆ ತಂದಳು, ಹಿಂದೆ ಎಳೆದಳು, ಅತ್ತ ಇತ್ತ ಆಡಿಸಿದಳು. ಹಾವಿನ ತಲೆ ಮೆಲ್ಲಗೆ ಇತ್ತ ತಿರುಗಿತು. "ಬೇಡ್ವಾ? ಸರಿ, ಪಕ್ಕದ್ಮನೆ ಬೆಕ್ಕಿಗೆ ಹಾಕ್ತೀನಿ!" ಎಂದು ಇಲಿಯನ್ನು ಸರ್ರನೆ ಹಿಂದಕ್ಕೆಳೆದಳು.

ಫಟ್!

ಇಲಿ ಹಾವಿನ ಬಾಯಲ್ಲಿತ್ತು, ಇಕ್ಕಳ ಕೆಂಪು ಗಂಜಿಯಲ್ಲಿತ್ತು, ಪಾರ್ತಿಯೆಮ್ ಗಿನೆಮ್ ಅಜ್ಜಿಯ ತೊಡೆಯ ಮೇಲಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಅಜ್ಜಿ ಹೆಸರಿನ ಮಹಿಮೆ ಎಂದಳು. ನಾನು ವಾರಗಟ್ಟಲೆ ಸತ್ತ ಇಲಿಯನ್ನು ಸತ್ತ ಹಾಗೆಯೇ ಹಿಡಿದಿದ್ದೆ ಎಂದು ಈಗ ಹೊಳೆಯಿತು.

ಈಗ ಹಾವಿಗೆ ಉಣಿಸುವವಳು ಅವಳೇ. "ಪೊನಿಜಾನ್, ಊಟ!" ಎಂದು ಕೂಗುತ್ತಾಳೆ, ನಾನು ಓಡಿ ಬರುತ್ತೇನೆ. "ನೀವಲ್ಲ," ಎನ್ನುತ್ತಾಳೆ. ಇಲಿಗೆ ಬಿಸಿನೀರು, ನನಗೆ ತಣ್ಣನೆ ಅನ್ನ.

ಹೋದ ವಾರ ತಡೆಯಲಾರದೆ ತಟ್ಟೆ ದೂಡಿ ಕೂತೆ. "ನನಗೆ ಬೇಡ."

"ತಿನ್ನದಿದ್ರೆ ನಿಮ್ಮ ಕೋಳಿ ಸತ್ತೋಗುತ್ತೆ."

"ನನ್ನ ಹತ್ರ ಕೋಳಿಯೇ ಇಲ್ಲ."

"ಸರಿ, ಪಕ್ಕದ್ಮನೆ ಬೆಕ್ಕಿಗೆ," ಎಂದು ತಟ್ಟೆಯನ್ನು ಸರ್ರನೆ ಎಳೆದಳು.

ನನಗೇ ಗೊತ್ತಿಲ್ಲದಂತೆ ನನ್ನ ಎರಡೂ ಕೈ ತಟ್ಟೆಯ ಮೇಲಿದ್ದವು.